ಮೊದಲ ಗುಟುಕು ಸರ್ವಮಂಗಳಮ್ಮನದು

ಬೆಳಗಿನ ಆರು ಗಂಟೆ. ನೆಲ್ಯಹುದಿಕೇರಿ ಪಕ್ಕದ ಕಾಫಿ ತೋಟದಲ್ಲಿ ಗಿಡಗಳಿಗೆ ಮುಸುಕಿದ ಮಂಜು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ. ಸ್ಟೋರಿನ ಬಾಗಿಲು ತೆರೆದ ಸರ್ವಮಂಗಳಮ್ಮ ದೀಪ ಹಾಕುವುದಿಲ್ಲ. ಮಬ್ಬುಗತ್ತಲಲ್ಲೇ ಸಾಲಾಗಿಟ್ಟ ಡಬ್ಬ, ಪೀಪಾಯಿಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗುತ್ತಾರೆ. ಒಂದು ಡುಂ ಎನ್ನುತ್ತದೆ, ಒಂದು ಠಣ್ ಎನ್ನುತ್ತದೆ, ತುಂಬಿದ್ದು ಸೊಲ್ಲೆತ್ತುವುದಿಲ್ಲ. ನೋಡುವವರಿಗೆ ಅವರು ಹಾಜರಿ ಕೂಗುತ್ತಿದ್ದಾರೆ ಅನ್ನಿಸುತ್ತದೆ.

"ಇದು ಡ್ರಮ್ಮು, ಮೇಲಿಂದ ಕೆಳಗಂಟ ಒಂದೇ ಸಮ. ಮೂಲೇಲಿರೋ ಮರದ್ದು ಬ್ಯಾರಲ್ಲು, ಅದಕ್ಕೆ ಬಸುರಿ ತರ ಹೊಟ್ಟೆ ಐತೆ. ಹಿಡಿ ಇಟ್ಕಂಡು ತೋಟ ಸುತ್ತೋದು ಕ್ಯಾನು. ಚಮಚ ಹಾಕಿ ಮುಚ್ಚಳ ಎಬ್ಬಬೇಕಾ, ಅದು ಟಿನ್ನು. ಕಾಫಿ ಸ್ಯಾಂಪಲ್‌ಗೆ ಗಾಳಿ ತಾಗದಂಗೆ ಇಡೋದು ಕ್ಯಾನಿಸ್ಟರು. ಗ್ಯಾಸ್ ಸಿಲಿಂಡರ್ ಮಾತ್ರ ನಾವು ಬಾಯಿ ಬಿಡಿಸೋ ಹಂಗಿಲ್ಲ" ಎಂದು ನಗುತ್ತಾರೆ.

ಶನಿವಾರಸಂತೆ ಕಡೆಯ ರೈತರ ಮನೆಯ ಹೆಣ್ಣು, ಓದಿದ್ದು ಏಳನೇ ತರಗತಿ. ಇಪ್ಪತ್ತಾರು ವರ್ಷದಿಂದ ಈ ಸ್ಟೋರು ಅವರ ಕೈಯಲ್ಲಿದೆ. ಯಾವ ಸಾಮಾನು ಕೊಡಬೇಕೆಂದು ಆಫೀಸಿನ ಚೀಟಿ ಬರುವುದು ಇಂಗ್ಲಿಷಿನಲ್ಲಿ. ಆಳುಗಳ ಲೈನ್ ಮನೆಗಳಲ್ಲಿ ನಾಲ್ಕು ಭಾಷೆ ಓಡಾಡಿದರೂ ಉರುಟಾಗಿರುವುದೆಲ್ಲ ಅಲ್ಲಿ ಡಬ್ಬವೇ. ಹೊಸದರಲ್ಲಿ ಸರ್ವಮಂಗಳಮ್ಮ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಕೆಳಗೆ ಕನ್ನಡದಲ್ಲಿ ಹೆಸರು ಬರೆದುಕೊಂಡು ಕಲಿತರು. ಕನಸಿನಲ್ಲೂ ಅವೇ ಬರುತ್ತವಂತೆ. ಕಾವೇರಿಯಲ್ಲಿ ಡ್ರಮ್ಮು, ಟಿನ್ನು, ಕ್ಯಾನುಗಳು ಸಾಲಾಗಿ ತೇಲಿಹೋಗುತ್ತವೆ, ಇವರು ದಡದಲ್ಲಿ ನಿಂತು ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾರೆ.

ಆ ಕನಸಿನಲ್ಲಿ ಒಂದು ಬಿಳಿ ಕ್ಯಾನು ಮಾತ್ರ ಕರೆದರೆ ತಿರುಗುವುದಿಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಚೀಟಿಯಲ್ಲಿ 'ಕ್ಯಾನ್ ಎರಡು' ಎಂದಷ್ಟೇ ಇತ್ತು. ಕಾಫಿ ಹಣ್ಣು ಕೊಯ್ಯುವವರಿಗೆ ನೀರು ಹೊರುವ ಚಿಕ್ಕಿ ಬಂದು ನಿಂತಿದ್ದಳು. ಸರ್ವಮಂಗಳಮ್ಮ ಅವಸರದಲ್ಲಿ ಎರಡು ಬಿಳಿ ಕ್ಯಾನು ಎತ್ತಿಕೊಟ್ಟರು. ಒಂಬತ್ತು ಗಂಟೆಗೆ ಉಪ್ಪಿಟ್ಟಿನ ತುತ್ತು ಬಾಯಿಗೆ ತಂದಾಗ ಬೆರಳಿನಲ್ಲಿ ಕಳೆ ಸಾಯಿಸುವ ಔಷಧದ ವಾಸನೆ. ಕೊಟ್ಟ ಎರಡರಲ್ಲಿ ಒಂದು, ಆ ಔಷಧ ಖಾಲಿಯಾದ ಕ್ಯಾನು! ತಟ್ಟೆ ಬಿಟ್ಟು ಓಡಿದರು.

"ಚಿಕ್ಕಿ ಆಗ್ಲೇ ಲೋಟಕ್ಕೆ ಬಗ್ಗಿಸ್ತಿದ್ಲು. ಒದ್ದುಬಿಟ್ಟೆ ನೋಡಿ ಕ್ಯಾನ್‌ನ! ಈ ಹೆಂಗಸಿಗೆ ತಲೆಕೆಟ್ಟೈತೆ ಅಂದ್ರು ಎಲ್ರೂ. ಅನ್ಲಿ ಬಿಡಿ. ಯಾರ ಗಂಟಲಿಗೂ ಇಳಿದಿರ್ಲಿಲ್ಲ. ತಪ್ಪು ನಂದು, ಚಿಕ್ಕೀದಲ್ಲ."

ಅಂದಿನಿಂದ ಅವರ ಸ್ಟೋರಿಗೆ ಅವರದೇ ಕಾನೂನು. ಔಷಧದ ಕ್ಯಾನು ಖಾಲಿಯಾದ ದಿನವೇ ಅದರ ತಳಕ್ಕೆ ಕಬ್ಬಿಣದ ಸಲಾಕೆಯಿಂದ ತೂತು ಬೀಳಬೇಕು. ಚೀಟಿಯಲ್ಲಿ ಹೆಸರಿನ ಜೊತೆ ಕೆಲಸವನ್ನೂ ಬರೆಯಬೇಕು. ಇನ್ನೊಂದು ಕಾನೂನನ್ನು ಯಾರೂ ಕೇಳಲಿಲ್ಲ, ಅವರೇ ಹಾಕಿಕೊಂಡರು. ನಲವತ್ತೆರಡು ಆಳಿಗೆ ದಿನಾ ಆರು ಕ್ಯಾನು ನೀರು ಹೋಗುತ್ತದೆ, ಆರರಿಂದಲೂ ಮೊದಲ ಗುಟುಕು ಕುಡಿಯುವುದು ಸರ್ವಮಂಗಳಮ್ಮ. ಚಳಿಗೆ ಹಲ್ಲು ಕಟಕಟ ಎಂದರೂ ತಪ್ಪಿಸಿದವರಲ್ಲ.

ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಆ ಜಾಗಕ್ಕೆ ಬರುವವಳು ಬೇರೆ ಯಾರೂ ಅಲ್ಲ, ಚಿಕ್ಕಿಯೇ. ಬೇರೆ ಇಬ್ಬರ ಹೆಸರು ಹೇಳಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ಮಂಜೇಶ್ ಮುಂದೆ ಹಟ ಹಿಡಿದು ಒಪ್ಪಿಸಿದ್ದಾರೆ. ಆದರೂ ಒಳಗೊಳಗೇ ದಿಗಿಲು. ತಾನು ಹೋದ ಮೇಲೆ ಒಂದು ಬೆಳಿಗ್ಗೆ ಅವಳು ಮರೆತರೆ?

ಇಂದು ಚಿಕ್ಕಿ ಒಬ್ಬಳೇ ಸ್ಟೋರು ನೋಡಿಕೊಳ್ಳುವ ಮೊದಲ ದಿನ. ಸರ್ವಮಂಗಳಮ್ಮ ಮೆಟ್ಟಿಲ ಮೇಲೆ ಕೂತಿದ್ದಾರೆ. ಮಂಜೇಶ್ ಚಿಕ್ಕಿಗೆ ಚೀಟಿ ಚಾಚುತ್ತಾನೆ.

"ಕ್ಯಾನು ಆರು ಅಂತ ಐತೆ, ಯಾವ ಕೆಲ್ಸಕ್ಕೆ ಅಂತ ಬರೀಲಿಲ್ಲಲ್ಲ ಸಾರ್?"

"ಅಯ್ಯೋ, ನೀರಿಗೆ ಕಣಮ್ಮ. ದಿನಾ ಗೊತ್ತಿರೋದೇ ಅಲ್ವಾ?"

"ಬರ್ಕೊಡಿ."

ಮಂಜೇಶ್ ಗೊಣಗುತ್ತಾ ಪೆನ್ನು ತೆಗೆಯುತ್ತಾನೆ. ಚಿಕ್ಕಿ ಒಂದೊಂದು ಕ್ಯಾನನ್ನೂ ಮೂಸಿ, ತೊಳೆದು, ನಲ್ಲಿಗೆ ಹಿಡಿಯುತ್ತಾಳೆ. ಅಷ್ಟರಲ್ಲಿ ಮರಗಳ ಸಂದಿಯಿಂದ ಬಿಸಿಲು ಇಳಿದು, ಹಿಂದಿನ ಗೋಡೆಗೆ ಒರಗಿಸಿಟ್ಟ ತೂತಿನ ಕ್ಯಾನುಗಳ ತಳದಲ್ಲಿ ಸಣ್ಣಸಣ್ಣ ಬೆಳಕು ಹತ್ತಿಕೊಳ್ಳುತ್ತದೆ. ಸರ್ವಮಂಗಳಮ್ಮ ಅಭ್ಯಾಸ ಬಲದಿಂದ ಎದ್ದು ಲೋಟಕ್ಕೆ ಕೈ ಚಾಚುತ್ತಾರೆ.

ಲೋಟ ಅಲ್ಲಿಲ್ಲ. ಚಿಕ್ಕಿ ಆಗಲೇ ಅದನ್ನು ಬಾಯಿಗೆತ್ತಿದ್ದಾಳೆ.

"ಕೂತ್ಕಳಿ ಅಕ್ಕಾ, ನಂಗಿನ್ನೂ ಐದು ಕ್ಯಾನು ಐತೆ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾಳೆ.

ಸರ್ವಮಂಗಳಮ್ಮ ಕೂರುತ್ತಾರೆ. ಮುಂದೇನು ಆಸೆ ಎಂದು ಕೇಳಿದವರಿಗೆ ಹೇಳುತ್ತಾರೆ:

"ಹನ್ನೊಂದು ವರ್ಷ ಆಯ್ತು, ಬೆಳಗಿನ ಕಾಫಿನ ಖಾಲಿ ಹೊಟ್ಟೇಲಿ ಕುಡಿದೇ ಇಲ್ಲ, ನೀರೇ ತುಂಬಿರ್ತಿತ್ತು. ನಾಳೆ ಒಂದು ಲೋಟ ಬಿಸಿ ಕಾಫಿ ಕುಡೀಬೇಕು."