ಗುರ್ತ ಸಿಕ್ಕಿತಾ?

ಕಳೆದ ವಾರ ಮೂಡುಬಿದಿರೆಯ ಒಂದು ಮನೆಯಲ್ಲಿ ಜಗಳ ಆಡಿದೆ. ಅದೂ ರೋಗಿಯ ಎದುರಿಗೇ!

ನಾನು ಸ್ಪೀಚ್ ಥೆರಪಿಸ್ಟ್. ಒಂದು ದಿನ ಪಾಣೆಮಂಗಳೂರು, ಮರುದಿನ ಮೂಡುಬಿದಿರೆ, ಸಂಜೆಯಾಗುವಾಗ ಮಡಂತ್ಯಾರು. ಸ್ಟ್ರೋಕ್ ಆಗಿ ಮಾತು ನಿಂತವರ ಎದುರು ಕೂತು ಒಂದು ಶಬ್ದಕ್ಕಾಗಿ ಕಾಯುವುದೇ ನನ್ನ ಕೆಲಸ. (ನನ್ನಂಥ ಚಡಪಡಿಕೆಯವಳಿಗೆ ಇದು ಶಿಕ್ಷೆ.)

ಮೂಡುಬಿದಿರೆಯ ಆ ಮನೆಯ ಸುಮತಿ ಅಕ್ಕನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಉಂಟು. ಗಿರಾಕಿಯ ಹೆಸರು ಮಾತ್ರವಲ್ಲ, ಅವರ ಮಗಳ ಮದುವೆಗೆ ತೆಗೆದ ಸೀರೆಯ ಬಣ್ಣವೂ ಬಾಯಲ್ಲೇ ಇರುತ್ತಿತ್ತು. ಸ್ಟ್ರೋಕ್ ಆದ ಮೇಲೆ ತಲೆಯೊಳಗೆ ಎಲ್ಲವೂ ಉಂಟು, ಬಾಯಿಗೆ ಬರುವುದಿಲ್ಲ. ಅಂಗಡಿಗೆ ಮರಳಲೇಬೇಕೆಂಬ ಹಠದಲ್ಲಿ ದಿನಾ ಅಭ್ಯಾಸ ಮಾಡುತ್ತಿದ್ದರು. ಒಮ್ಮೆಲೇ ಬಿಟ್ಟರು. ನಾನು ಹೋದರೂ ಗೋಡೆ ಕಡೆ ಮುಖ. ಹೀಗೇ ಆದರೆ ಮಾತು ಮರಳುವುದು ಕಷ್ಟ. ನನಗೆ ನಿಜಕ್ಕೂ ಹೆದರಿಕೆ ಆಗಿತ್ತು.

ಯಾಕೆ ಬಿಟ್ಟರು? ನೆಂಟರಿಂದಾಗಿ!

ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವುದೆಂದರೆ ಪರೀಕ್ಷೆ ಮಾಡುವುದು. ಒಂದು ಚೀಲ ಮೂಸಂಬಿ, ಒಂದು ಪ್ರಶ್ನೆ: "ಗುರ್ತ ಸಿಕ್ಕಿತಾ? ನಾನು ಯಾರು?" ಅದೂ ಕಿವಿ ಕೇಳದವರಿಗೆ ಕೂಗಿದ ಹಾಗೆ. ಉತ್ತರ ಬರುವ ಮೊದಲೇ ತೀರ್ಪು: "ಪಾಪ, ಗುರ್ತವೇ ಇಲ್ಲ." ಹೆಸರು ಬಾಯಿಗೆ ಬಾರದಿದ್ದರೆ ಮನುಷ್ಯನೇ ಮರೆತುಹೋದ ಅಂತಲಾ?

ಕಳೆದ ವಾರ ಹೋದಾಗಲೂ ಅಕ್ಕ ತಿರುಗಲಿಲ್ಲ. ಸಾಕಾಗಿ ಹೆಲ್ಮೆಟ್ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅಕ್ಕನ ತಮ್ಮನ ಮಗ ಅಜಿತ್ ಬೆಳ್ತಂಗಡಿಯಿಂದ ಬಂದ. ಕಾರಿನ ಕೀ ಬೆರಳಲ್ಲಿ ತಿರುಗುತ್ತಲೇ ಇತ್ತು.

"ಅತ್ತೇ, ನಾನು ಯಾರು ಹೇಳಿ ನೋಡುವ?"

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಹೆಸರು ನೀವೇ ಹೇಳಿದ್ರೆ ಏನು ಹೋಗ್ತದೆ ಮಾರಾಯ್ರೆ? ಅವರನ್ನು ಪರೀಕ್ಷೆ ಮಾಡ್ಲಿಕ್ಕೆ ಬಂದದ್ದಾ ನೀವು?"

ಅವನೇನು ಕಡಿಮೆಯಾ? "ಮತ್ತೆ ನೀವು ಮೇಡಂ? ಚಿತ್ರದ ಕಾರ್ಡ್ ತೋರಿಸಿ ಇದೇನು, ಅದೇನು ಅಂತ ಕೇಳುವುದಿಲ್ವಾ?"

ಅದೂ ನಿಜವೇ. ಆ ಕೋಣೆಯಲ್ಲಿ ಅಪರೂಪಕ್ಕೆ ಯಾರೂ ಮಾತಾಡಲಿಲ್ಲ.

ಅಕ್ಕ ಗೋಡೆ ಕಡೆಯಿಂದ ತಿರುಗಿದರು. ಅವನನ್ನು ನೋಡಿದರು, ನನ್ನನ್ನು ನೋಡಿದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಏನಾದರೂ ಶಬ್ದ ನಾನೇ ಎತ್ತಿಕೊಡೋಣವೆಂದು ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ನಿಂತೆ.

"ಕುಲ್ಲುಲೆ" ಎಂದರು.

ಕೂತುಕೊಳ್ಳಿ ಎಂದು, ತುಳುವಿನಲ್ಲಿ. ಅಂಗಡಿಯ ಮೆಟ್ಟಿಲು ಹತ್ತಿದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದದ್ದು ಇದನ್ನೇ. ಕೈ ಮಂಚದ ಪಕ್ಕದ ಕುರ್ಚಿಯನ್ನು ತೋರಿಸುತ್ತಿತ್ತು. ಕುರ್ಚಿ ತುಂಬ ಮೂಸಂಬಿ ಚೀಲಗಳು! ನಿಂತೇ ಪ್ರಶ್ನೆ ಕೇಳಿ ಹೋದವರು ಇಟ್ಟದ್ದು.

ಅಜಿತ್ ಕೀ ಜೇಬಿಗೆ ಹಾಕಿ, ಚೀಲಗಳನ್ನು ಕೆಳಗಿಟ್ಟು ಕೂತ. ನಾನು ಹೆಲ್ಮೆಟ್ ನೆಲಕ್ಕಿಟ್ಟು ಮಂಚದ ತುದಿಯಲ್ಲಿ ಕೂತೆ. ಕಣ್ಣು ಒದ್ದೆಯಾಗಿತ್ತು, ಸುಳ್ಳು ಯಾಕೆ ಹೇಳಲಿ?

ಕೊನೆಯ ಸಲ ರೋಗಿಯನ್ನು ನೋಡಲು ಹೋದಾಗ ನೀವು ಕೂತಿದ್ದೀರಾ?