ಪ್ಲಾಟಿನ ಫೋಟೋದಲ್ಲಿ ಕಂಡ ಕೆಂಪು ಗೆರೆ

ಗೆಳೆಯರೇ, ಇವತ್ತು ಮಿರಜದ ನನ್ನ ಸ್ಟುಡಿಯೋಕ್ಕೆ ಪ್ಲಾಟು ಮಾರುವ ಕಾಕಾ ಒಬ್ಬರು ಬಂದರು. ಮಾರಬೇಕಾದ ಕೃಷ್ಣಾ ಹೊಳೆ ದಂಡೆಯ ಹೊಲದ ಫೋಟೋವನ್ನು ಸಂಜೆ ಸೂರ್ಯನಿಗೆ ಎದುರಾಗಿ ನಿಂತು ತೆಗೆದಿದ್ದರು. ಆಕಾಶ ಬೆಳ್ಳಗೆ, ನೆಲ ಪೂರ್ತಿ ಕಪ್ಪು.

“ಜಾಗಾ ಕಾಣಬೇಕ್ರಿ, ಬೆಳಕ ಮಾಡ್ರಿ.”

ಕಂಪ್ಯೂಟರಿನಲ್ಲಿ ಆಕಾಶದ ಬೆಳಕು ತಗ್ಗಿಸಿ ನೆಲದ ಕತ್ತಲೆ ತೆಗೆದೆ. ಹೊಲ ಕಂಡಿತು. ಪಂಪ್‌ಸೆಟ್ ಕೋಣೆಯೂ ಕಂಡಿತು. ಮಹಾಪೂರದ ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸಲು ಹೊಲದ ರೈತ ಅದರ ಗೋಡೆಯ ಮೇಲೆ, ಬಾಗಿಲಿಗಿಂತ ಎತ್ತರದಲ್ಲಿ, ಬಳಿದಿಟ್ಟ ಕೆಂಪು ಗೆರೆ ಎಲ್ಲಕ್ಕಿಂತ ಚೆನ್ನಾಗಿ ಕಂಡಿತು.

“ಇಷ್ಟ ಬೆಳಕ ಬ್ಯಾಡ್ರಿ! ಆ ಗೆರಿ ಅಳಸ್ರಿ!”

“ಅಳಸೂದು ಎರಡ ನಿಮಿಷದ ಕೆಲಸ ರೀ ಕಾಕಾ. ಹೊಳಿಗೆ ಯಾರ ಹೇಳತಾರ?”

ಸಿಟ್ಟಾಗಿ ಕಪ್ಪು ಫೋಟೋವನ್ನೇ ಒಯ್ದರು. ಈಗ ವಾಟ್ಸಾಪಿನಲ್ಲಿ ಅದೇ ಫೋಟೋ: ‘ಸೂರ್ಯಾಸ್ತ ಕಾಣುವ ಪ್ಲಾಟು.’

ಕೊಳ್ಳುವವರು ಬೆಳಿಗ್ಗೆ ಹೋಗಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಆ ಗೋಡೆಯನ್ನೊಮ್ಮೆ ನೋಡಿರಿ.