ರಸ್ತೆಯ ಮೇಲೆ ಗುರುತು ಬಿಡದ ಬ್ರೇಕು

ಕೋವಿಡ್ ಕಳೆದ ಮೇಲಿನ ಎರಡನೆಯ ಚಳಿಗಾಲದ ಮಾತು. ನಾನಾಗ ಕೊಲ್ಹಾಪುರದಲ್ಲಿ ಮೋಟಾರ್ ವಿಮೆಯ ಸರ್ವೇಯರ್. ಅಪಘಾತಕ್ಕೆ ಸಿಕ್ಕ ಗಾಡಿಯನ್ನು ಕಣ್ಣಾರೆ ನೋಡಿ, ಏನು ಮುರಿದಿದೆ, ಯಾಕೆ ಮುರಿಯಿತು ಎಂದು ವಿಮಾ ಕಂಪನಿಗೆ ವರದಿ ಕೊಡುವುದು ನನ್ನ ಕೆಲಸ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಮುಂದೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡುತ್ತೇನೆಂದು ಹೇಳಿದ್ದಕ್ಕೆ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕನ್ನಡಕ ತೆಗೆದು ನನ್ನನ್ನೇ ನೋಡಿ, "ಬಟ್ ಹೂ ವಿಲ್ ಮ್ಯಾರಿ ಯೂ, ಚೈಲ್ಡ್?" ಎಂದಿದ್ದರು. ಮದುವೆಯೂ ಆಯಿತು, ಗ್ರೀಸ್ ಮೆತ್ತಿದ ಸೀರೆಯಲ್ಲೇ ಇಷ್ಟು ವರ್ಷವೂ ಕಳೆಯಿತು. ಈಗ ಮೊಣಕಾಲು ಗಾಡಿಯ ಕೆಳಗೆ ಬಗ್ಗಲು ಒಪ್ಪುವುದಿಲ್ಲ. ಬಗ್ಗುತ್ತಿದ್ದ ಕಾಲದ ಕೊನೆಯ ದೊಡ್ಡ ಕೇಸ್ ಇದು.

ಇಚಲಕರಂಜಿಯಲ್ಲಿ ಮಗ್ಗಗಳ ಪಾಳಿ ಬದಲಾಗುವ ಬೆಳಗಿನ ಹೊತ್ತು. ರಾತ್ರಿ ಪಾಳಿ ಮುಗಿಸಿದ ಯಲ್ಲಪ್ಪ ಎಂಬ ಮಗ್ಗದ ಕೆಲಸಗಾರ ಶೆಡ್ಡಿನ ಓಣಿಯಿಂದ ಸೈಕಲ್ ಮೇಲೆ ದೊಡ್ಡ ರಸ್ತೆಗೆ ಬಂದ. ಅದೇ ಹೊತ್ತಿಗೆ ನಾಂದಣಿ ಕಡೆಯಿಂದ ಏಳು ಸೀಟಿನ ಒಂದು ಬಿಳಿ ಗಾಡಿ ಬಂದು, ಅವನನ್ನು ಸೈಕಲ್ ಸಮೇತ ರಸ್ತೆ ಬದಿಯ ಬೇವಿನ ಮರದವರೆಗೆ ತಳ್ಳಿಕೊಂಡು ಹೋಯಿತು. ಯಲ್ಲಪ್ಪನ ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಗಾಡಿ ಓಡಿಸುತ್ತಿದ್ದವನು ಸಿದ್ದಪ್ಪ. ದತ್ತವಾಡದ ಕುರಿ ಕಾಯುವ ಮನೆತನದವನು, ಮೂವತ್ತರ ಆಸುಪಾಸು. ನಾನು ಪೊಲೀಸ್ ಠಾಣೆಗೆ ಹೋದಾಗ ಅಂಗಳದಲ್ಲಿ ಗಾಡಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಹವಾಲ್ದಾರರು ಚಹಾ ಹೀರುತ್ತ, "ಕೇಸ್ ಕ್ಲಿಯರ್ ಆಹೇ, ಮ್ಯಾಡಮ್. ಝೋಪ ಲಾಗಲೀ," ಎಂದರು. ನಿದ್ದೆ ಹತ್ತಿತು, ಮುಗಿಯಿತು. ಕಾರಣವನ್ನೂ ಅವರೇ ಕೊಟ್ಟರು: ರಸ್ತೆಯ ಮೇಲೆ ಟೈರ್ ಉಜ್ಜಿದ ಒಂದು ಗೆರೆಯೂ ಬಿದ್ದಿಲ್ಲ. ಗಾಡಿ ಹಳೆಯದು, ಎಬಿಎಸ್ ಇಲ್ಲದ್ದು. ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದಿಲ್ಲದ ಗಾಡಿಯಲ್ಲಿ ಪೂರ್ತಿ ಬ್ರೇಕ್ ಹಾಕಿದರೆ ಡಾಂಬರಿನ ಮೇಲೆ ಕಪ್ಪು ಗೆರೆ ಬೀಳಲೇಬೇಕು. ಗೆರೆ ಇಲ್ಲ ಅಂದರೆ ಬ್ರೇಕ್ ಹಾಕಿಲ್ಲ.

ನಾನು ಸಿದ್ದಪ್ಪನನ್ನು ಕೇಳಿದೆ.

"ಹೌದ್ರಿ ಬಾಯಾರ, ನಿದ್ದಿ ಹತ್ತಿತ್ತು. ಬರ್ಕೋರಿ."

"ಬ್ರೇಕ್ ಒತ್ತಿದ್ದೇನು?"

"ಮಲಗಿದಾಂವ ಬ್ರೇಕ್ ಹ್ಯಾಂಗ ಒತ್ತತಾನ್ರಿ?"

ಮಾತು ಸರಿಯಾಗಿಯೇ ಇತ್ತು. ಆದರೆ ಅಪಘಾತ ಮಾಡಿದ ಡ್ರೈವರುಗಳನ್ನು ಜೀವಮಾನವಿಡೀ ಕಂಡವಳು ನಾನು. ಎಮ್ಮೆ ಅಡ್ಡ ಬಂತು, ಎದುರಿನ ಲೈಟ್ ಕಣ್ಣಿಗೆ ಬಿತ್ತು, ಸ್ಟೇರಿಂಗ್ ಎಳೆಯಿತು ಎನ್ನುತ್ತಾರೆ. ಕೇಳಿದ ಕೂಡಲೇ ನಿದ್ದೆ ಮಾಡಿದೆ ಎಂದವನು ಇವನೊಬ್ಬನೇ.

ಗಾಡಿಯ ಬಂಪರ್, ಬಾನೆಟ್, ಒಂದು ಹೆಡ್‌ಲೈಟ್ ಹೋಗಿದ್ದವು. ರೇಡಿಯೇಟರ್ ಉಳಿದಿತ್ತು. ನನ್ನ ಕಣ್ಣು ನಿಂತದ್ದು ಮುಂದಿನ ಚಕ್ರಗಳ ಮೇಲೆ. ಅಲಾಯ್ ವೀಲ್‌ಗಳು ತೊಳೆದಿಟ್ಟ ಬೆಳ್ಳಿ ತಟ್ಟೆಯ ಹಾಗಿದ್ದವು. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡ್ ಸವೆದು ಪುಡಿ ಉದುರುತ್ತದೆ. ನಮ್ಮ ಕಡೆ ಹೆಚ್ಚಾಗಿ ಹಾಕುವ ಸೆಮಿ ಮೆಟಾಲಿಕ್ ಪ್ಯಾಡಿನಲ್ಲಿ ಉಕ್ಕಿನ ಎಳೆಗಳಿರುವುದರಿಂದ ಆ ಪುಡಿ ಮಸಿಯಂತೆ ಚಕ್ರಕ್ಕೆ ಮೆತ್ತುತ್ತದೆ. ಇಲ್ಲಿ ಮಸಿಯ ಹೆಸರಿಲ್ಲ. ಚಕ್ರ ಬಿಚ್ಚಿಸಿ ನೋಡಿದೆ. ಹೊಚ್ಚ ಹೊಸ ಸೆರಾಮಿಕ್ ಪ್ಯಾಡ್‌ಗಳು. ಅವುಗಳ ಪುಡಿ ಕಡಿಮೆ, ಬಣ್ಣವೂ ತಿಳಿ, ಚಕ್ರ ಕಪ್ಪಾಗುವುದಿಲ್ಲ. ಮಾಲು ಒಳ್ಳೆಯದೇ. ಆದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಹಳೆಯದು. ಹಿಂದಿನ ಪ್ಯಾಡ್ ಕೊರೆದ ಏರುತಗ್ಗುಗಳು ಅದರ ಮೇಲೆ ಹಾಗೆಯೇ ಇದ್ದವು. ಹೊಸ ಪ್ಯಾಡಿನ ಮೈ ಆ ಏರುಗಳಿಗೆ ಮಾತ್ರ ತಾಗಿ ಅಲ್ಲಲ್ಲಿ ಗಾಜಿನಂತೆ ಹೊಳೆಯುತ್ತಿತ್ತು. ಉಳಿದ ಭಾಗ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು.

ಫೋಟೋ ತೆಗೆದುಕೊಂಡು ಅದೇ ಊರಿನಲ್ಲಿದ್ದ ಗಾಡಿಯ ಮಾಲಿಕರ ಮನೆಗೆ ಹೋದೆ. ಅಣ್ಣಾಸಾಹೇಬ ಎಂದು, ಜೈನರು, ಬಟ್ಟೆಯ ವ್ಯಾಪಾರ. ಅವರ ಮನಸ್ಸು ನೊಂದಿತ್ತು. "ಭಾಳ ಛಲೋ ಹುಡುಗ್ರಿ ಅಂವ. ಎಂಟು ದಿನ ಮುನಿಗಳ ಹಿಂದ ಗಾಡಿ ಹೊಡದಾನ. ನಡಿಗಿ ಸ್ಪೀಡಿನಾಗ ಹೊಡದ್ರ ಯಾರಿಗೆ ನಿದ್ದಿ ಬರಂಗಿಲ್ಲ ಹೇಳ್ರಿ?"

ದಿಗಂಬರ ಮುನಿಗಳು ವಾಹನ ಏರುವುದಿಲ್ಲ. ಊರಿಂದ ಊರಿಗೆ ಬರಿಗಾಲಲ್ಲಿ ನಡೆಯುತ್ತಾರೆ. ಅದಕ್ಕೆ ವಿಹಾರ ಎನ್ನುತ್ತಾರೆ. ಹಿಂದಿನಿಂದ ಲಾರಿ, ಟ್ರ್ಯಾಕ್ಟರ್ ಬಂದು ಗುದ್ದದಂತೆ ಶ್ರಾವಕರ, ಅಂದರೆ ಜೈನ ಗೃಹಸ್ಥರ, ಒಂದು ಗಾಡಿ ಅದೇ ವೇಗದಲ್ಲಿ ಕಾವಲಿಗೆ ಬರುತ್ತದೆ. ಆ ಸಲ ವಿಹಾರ ಗಡಹಿಂಗ್ಲಜದಿಂದ ನಾಂದಣಿಗೆ, ಗಾಡಿ ಅಣ್ಣಾಸಾಹೇಬರದು.

ಪ್ಯಾಡ್ ಯಾವಾಗ ಬದಲಾಯಿಸಿದಿರಿ ಎಂದೆ. ಹೊರಡುವ ಹಿಂದಿನ ಸಂಜೆ, ಗಡಹಿಂಗ್ಲಜದಲ್ಲೇ ಎಂದರು. ಯಾಕೆಂದೂ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ. ಮುನಿಗಳ ಹಿಂದೆ ಬರುವ ಗಾಡಿ ಶುಭ್ರವಾಗಿರಬೇಕು. ಸಿದ್ದಪ್ಪ ದಿನಾ ಬಕೆಟ್ಟುಗಟ್ಟಲೆ ನೀರು ಸುರಿದು ಚಕ್ರದ ಮಸಿ ತೊಳೆಯುತ್ತಿದ್ದ. ಅದನ್ನು ಕಂಡ ಅಣ್ಣಾಸಾಹೇಬರ ತಾಯಿ, ಮನೆಯವರೆಲ್ಲ ದೊಡ್ಡವ್ವ ಎನ್ನುವ ಎಂಬತ್ತು ದಾಟಿದ ಹಿರಿಯಾಕೆ, ತಡೆದಿದ್ದರು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಒಂದು ಗಾಡಿಯ ಅಂದಕ್ಕೆ ದಿನಾ ಅಷ್ಟು ಜೀವ ಯಾಕೆ ಕಳೆಯುತ್ತೀರಿ ಎಂದು. ತೊಳೆಯದೆಯೂ ಚಕ್ರ ಚೊಕ್ಕಟವಾಗಿರಲಿ ಎಂದು ಮಗ ಕೊಲ್ಹಾಪುರದಿಂದ ಸೆರಾಮಿಕ್ ಪ್ಯಾಡ್ ತರಿಸಿದ್ದರು.

"ಹಾಕಿದಾಂವ ಏನಾದರೂ ಹೇಳಿದ್ನೇನ್ರಿ?"

"ಹೇಳ್ಯಾನ. ಹೊಸಾ ಪ್ಯಾಡ ಅದಾವ, ಸ್ವಲ್ಪ ದಿನ ಸಾವಕಾಶ ಹೊಡೀರಿ, ಅಂದಾನ. ನಾವು ಸಾವಕಾಶನ ಹೊಡದೇವಲ್ರಿ!"

ನಾನು ಚಹಾದ ಕಪ್ಪು ಕೆಳಗಿಟ್ಟೆ. ಡಿಯರ್ ರೀಡರ್, ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೊಸ ಪ್ಯಾಡ್ ಹಾಕಿದ ಮೇಲೆ ಅದನ್ನು ಹದಕ್ಕೆ ತರಬೇಕು. ಬೆಡ್ಡಿಂಗ್ ಇನ್ ಎನ್ನುತ್ತೇವೆ. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗಕ್ಕೆ ಹೋಗಿ, ಪೂರ್ತಿ ನಿಲ್ಲಿಸದೆ ಗಟ್ಟಿಯಾಗಿ ಬ್ರೇಕ್ ಒತ್ತಿ ವೇಗ ಇಳಿಸಬೇಕು. ಮತ್ತೆ ಓಡಿಸಿ ಆರಲು ಬಿಡಬೇಕು. ಹೀಗೆ ಹಲವು ಸಲ. ಆಗ ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂಡುತ್ತದೆ. ಹಿಡಿತ ಬರುವುದು ಆ ಪದರದಿಂದ. 'ಸಾವಕಾಶ' ಎಂದ ಮೆಕ್ಯಾನಿಕ್‌ನ ಮನಸ್ಸಿನಲ್ಲಿದ್ದದ್ದು ದಿನನಿತ್ಯದ ಓಡಾಟ. ಮುನಿಗಳ ಹೆಜ್ಜೆಯ ವೇಗ ಅವನಿಗೆ ಹೊಳೆದಿರಲಾರದು. ಎಂಟು ದಿನ ಆ ಪ್ಯಾಡ್‌ಗಳು ಡಿಸ್ಕನ್ನು ಬರೀ ಸವರಿದ್ದವು. ಒಂಬತ್ತನೆಯ ಬೆಳಗ್ಗೆ ನಾಂದಣಿಯಿಂದ ಒಬ್ಬನೇ ಹೊರಟ ಸಿದ್ದಪ್ಪ ಖಾಲಿ ರಸ್ತೆಯಲ್ಲಿ ಮೊದಲ ಬಾರಿ ವೇಗ ಹಿಡಿದ. ಮೊದಲ ನಿಜವಾದ ಬ್ರೇಕ್ ಅವನಿಗೆ ಬೇಕಾದದ್ದು ಯಲ್ಲಪ್ಪನ ಎದುರು.

ಇದೆಲ್ಲ ನನ್ನ ಊಹೆ. ಅವನು ಎಚ್ಚರವಿದ್ದರೆ ತಾನೇ ಬ್ರೇಕಿನ ಮಾತು? ಅದನ್ನು ಹೇಳಬಲ್ಲವನು ಇನ್ನೊಬ್ಬನಿದ್ದ. ಡ್ರೈವರ್ ಒಪ್ಪಿಕೊಂಡಿದ್ದರಿಂದ ಅವನನ್ನು ಯಾರೂ ಕೇಳಿರಲಿಲ್ಲ. ಆಸ್ಪತ್ರೆಗೆ ಹೋದೆ. ಯಲ್ಲಪ್ಪ ಛಾವಣಿಯ ಫ್ಯಾನ್ ನೋಡುತ್ತ ಮಲಗಿದ್ದ. ಹೆಂಡತಿ ಕಸ್ತೂರಿ ಕಾಲಬದಿಯಲ್ಲಿ ನಿಂತಿದ್ದಳು.

"ಡ್ರೈವರ್ ನಿದ್ದಿ ಮಾಡಿದ್ದ ಅಂತಾರಪಾ," ಎಂದೆ.

"ಯಾರ್ರಿ ಅನ್ನಾವ್ರು?" ತಲೆ ಎತ್ತಿದ. "ನಿದ್ದಿಗಣ್ಣಾಗ ಹಾರ್ನ್ ಹೊಡಿತಾರೇನ್ರಿ ಯಾರಾದ್ರೂ? ಒಂದಸವನ ಬಾರಸ್ಕೋಂತ ಬಂದಾನ. ಆ ಹಾರ್ನ್ ಕೇಳೇ ನಾ ಹೊಳ್ಳಿ ನೋಡಿದ್ದು. ಬಾಯಿ ತಗದಿದ್ದ, ಸೀಟ್ ಬಿಟ್ಟು ಎದ್ದು ನಿಂತಂಗ ಕಾಲ ಊರಿದ್ದ. ಆ ಮಾರಿ ನಾ ಸಾಯೂತನಾ ಮರಿಯಂಗಿಲ್ಲ."

"ಸುಮ್ನ ಮಲಕೋರಿ," ಎಂದಳು ಕಸ್ತೂರಿ. "ಹನ್ನೆರಡು ತಾಸು ಮಗ್ಗದ ಗದ್ದಲದಾಗ ನಿಂತು ಬಂದ ಕಿವಿ. ನಿಮಗ ಹಾರ್ನ್ ಎಲ್ಲಿಂದ ಕೇಳಸ್ಬೇಕು."

"ನಿನ್ನ ಮಾತ ಬಿಟ್ಟು ಎಲ್ಲಾ ಕೇಳಸ್ತೈತಿ ನನಗ," ಎಂದ ಯಲ್ಲಪ್ಪ. ಕಸ್ತೂರಿ ನಗಲಿಲ್ಲ. ಅವನೂ ನಗಲಿಲ್ಲ.

ಮುಂದಿನ ವಾರ ಆರ್‌ಟಿಓದ ವಾಹನ ನಿರೀಕ್ಷಕರು ಖಾಲಿ ಮೈದಾನವೊಂದರಲ್ಲಿ ಗಾಡಿಯ ಪರೀಕ್ಷೆ ಮಾಡಿದರು. ನಾನು ಪಕ್ಕದ ಸೀಟಿನಲ್ಲಿದ್ದೆ. ನಲವತ್ತರ ವೇಗದಲ್ಲಿ ಪೆಡಲ್ ಒತ್ತಿದರು. ಕಲ್ಲಿನ ಮೇಲೆ ಕಾಲಿಟ್ಟಂತೆ ಪೆಡಲ್ ಗಟ್ಟಿಯಾಯಿತು. ಗಾಡಿ ನಿಂತಿತು, ಆದರೆ ನಿಲ್ಲಬೇಕಾದ ಜಾಗ ದಾಟಿ ಬಹಳ ಮುಂದೆ ಹೋಗಿ. ಚಕ್ರ ಬಿಗಿಯಲಿಲ್ಲ, ನೆಲದ ಮೇಲೆ ಗೆರೆಯೂ ಬೀಳಲಿಲ್ಲ. ಬಳಿಕ ಅದೇ ಪ್ಯಾಡನ್ನು ಕ್ರಮವಾಗಿ ಹದಕ್ಕೆ ತಂದು ಮತ್ತೆ ಒತ್ತಿದರು. ನನ್ನ ಸೀಟ್ ಬೆಲ್ಟ್ ಎದೆಗೆ ಕಚ್ಚಿತು. ಗಾಡಿಯ ಹಿಂದೆ ಎರಡು ಕಪ್ಪು ಗೆರೆಗಳಿದ್ದವು. ನಿರೀಕ್ಷಕರು ಕೆಳಗಿಳಿದು ಬಹಳ ಹೊತ್ತು ಆ ಗೆರೆಗಳನ್ನೇ ನೋಡುತ್ತ ನಿಂತರು.

ಜಾಮೀನಿನ ಮೇಲೆ ಹೊರಬಂದಿದ್ದ ಸಿದ್ದಪ್ಪನನ್ನು ಅಣ್ಣಾಸಾಹೇಬರ ಗೋದಾಮಿನ ಹಿಂದೆ ಕಂಡೆ. "ಎಚ್ಚರಿದ್ದಿ ನೀನು. ಯಾಕ ಸುಳ್ಳ ಹೇಳಿದಿ?"

ಮೊದಲು ಇಲ್ಲ ಎಂದ. ಹಾರ್ನಿನ ಮಾತು ತೆಗೆದಾಗ ಕೈ ಮುಗಿದ. "ಬರೀಬ್ಯಾಡ್ರಿ ಬಾಯಾರ. ಬ್ರೇಕ್ ಹಿಡೀಲಿಲ್ಲ ಅಂದ್ರ ಪ್ಯಾಡಿನ ಮಾತ ಬರ್ತೈತಿ. ಪ್ಯಾಡ್ ಯಾಕ ಹಾಕಿದ್ರಿ ಅಂತ ಬರ್ತೈತಿ. ತನ್ನ ಮಾತಿಗೇ ಒಬ್ಬನ ಕಾಲ ಹೋತು ಅಂತ ಗೊತ್ತಾದ್ರ ದೊಡ್ಡವ್ವ ಅನ್ನ ಮುಟ್ಟಂಗಿಲ್ರಿ. ಇರುವಿ ತುಳದ್ರ ಒಪ್ಪತ್ತು ಊಟ ಬಿಡಾಕಿ ಆಕಿ. ನಾ ಕುರಿ ಬಿಟ್ಟು ಬಂದಾಗಿಂದ ನನ್ನ ಮಗನಂಗ ನೋಡ್ಯಾಳ. ನನಗೇನ್ರಿ, ಲೈಸನ್ಸ್ ಹೋದ್ರ ಕುರಿ ಅದಾವ."

"ಬರೀ ಲೈಸನ್ಸ್ ಅಲ್ಲೋ ಮಾರಾಯ, ಜೇಲಾಗಬಹುದು."

"ಆಗ್ಲಿ ಬಿಡ್ರಿ."

ಕಂಡದ್ದನ್ನು ಬರೆಯದಿರುವ ಅಧಿಕಾರ ನನಗಿರಲಿಲ್ಲ. ಆದರೆ ವರದಿ ಊರೆಲ್ಲ ಸುತ್ತಿ ಆ ಹಿರಿಯ ಜೀವದ ಕಿವಿಗೆ ಬೀಳುವ ಮೊದಲು ನಾನೇ ಹೇಳುವುದು ಮರ್ಯಾದೆ ಅನ್ನಿಸಿತು. ಅಣ್ಣಾಸಾಹೇಬರು ಬೇಡ ಬೇಡ ಎಂದರೂ ಒಳಗೆ ಹೋಗಿ ದೊಡ್ಡವ್ವನ ಎದುರು ಚಾಪೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಜಪಮಾಲೆ ಹಿಡಿದ ಅವರ ಬೆರಳುಗಳು ನಿಂತವು.

"ಯಾವ ಕಾಲವಾ?"

"ಬಲಗಾಲ್ರಿ."

ಮಗ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಆಮೇಲೆ ದೊಡ್ಡವ್ವ ಮಗನನ್ನಲ್ಲ, ನನ್ನನ್ನು ನೋಡಿ ಹೇಳಿದರು: "ನಾ ಊಟ ಬಿಟ್ರ ಅವನ ಕಾಲ ಬರ್ತೈತೇನು? ಸಿದ್ದಾನ ಕರೀರಿ. ನನ್ನ ಪಾಲಿಂದು ಹೊತಗೊಳ್ಳಾಕ ಅವಗ ಯಾರ ಹೇಳ್ಯಾರ? ನಡೀರಿ ದವಾಖಾನಿಗೆ."

ರಿಕ್ಷಾದಲ್ಲಿ ಹೋದೆವು. ಯಲ್ಲಪ್ಪನ ಮಂಚದ ಬಳಿ ದೊಡ್ಡವ್ವ ಸ್ಟೂಲಿನ ಮೇಲೆ ಕೂತು, ಒಂದು ಮಾತನ್ನೂ ಮುಚ್ಚಿಡದೆ ತಾವೇ ಹೇಳಿದರು. ನೀರು, ಚಕ್ರ, ಪ್ಯಾಡ್, ಮುನಿಗಳ ನಡಿಗೆ. ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಲ್ಲಪ್ಪ ಕೇಳಿದ:

"ಮತ್ತ ನೀರಾಗಿನ ಹುಳಾ ಉಳದ್ವೇನ್ರಿ, ಅವ್ವಾರ?"

ದೊಡ್ಡವ್ವ ಕಣ್ಣು ಕೆಳಗೆ ಹಾಕಲಿಲ್ಲ. "ಗೊತ್ತಿಲ್ಲಪಾ," ಎಂದರು. "ನಿನ್ನ ಕಾಲ ಉಳೀಲಿಲ್ಲ. ಅದೊಂದ ಗೊತ್ತು ನನಗ."

ಯಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಬಾಗಿಲ ಹೊರಗೆ ಸಿದ್ದಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಯಲ್ಲಪ್ಪ, ತಿರುಗದೆಯೇ, "ಅಂವಗ ಒಳಗ ಬಾ ಅನ್ರಿ. ಬ್ರೇಕ್ ಒತ್ಯಾನ ಅಂದಮ್ಯಾಲ ಹೊರಗ ಯಾಕ ನಿಂದರಬೇಕು," ಎಂದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಆ ಮಾತನ್ನು ಮುಂದೆಯೂ ಅವನ ಬಾಯಿಂದ ನಾನು ಕೇಳಿಲ್ಲ.

ಪರೀಕ್ಷೆಯ ವರದಿ ಮತ್ತು ಯಲ್ಲಪ್ಪನ ಹೇಳಿಕೆ ಪೊಲೀಸರ ಕೈ ಸೇರಿದ ಮೇಲೆ ಕೇಸ್ ಬೇರೆ ದಾರಿ ಹಿಡಿಯಿತು. ಸಿದ್ದಪ್ಪನ ಲೈಸನ್ಸ್ ಉಳಿಯಿತು, ಜೇಲಿನ ಮಾತು ನಿಂತಿತು. ಯಲ್ಲಪ್ಪ ಕೃತಕ ಕಾಲು ಹಾಕಿಕೊಂಡು ಅದೇ ಶೆಡ್ಡಿಗೆ ಮರಳಿದ. ಆದರೆ ಮಗ್ಗಗಳ ನಡುವೆ ಓಡಾಡುವ ಕೆಲಸ ಅವನದಾಗಿ ಉಳಿಯಲಿಲ್ಲ. ಕೂತು ಕಂಡಿಕೆ ಎನ್ನುವ ನೂಲಿನ ಸುರುಳಿ ಸುತ್ತುತ್ತಾನೆ. ದೊಡ್ಡವ್ವ ಇದ್ದಷ್ಟು ದಿನ ಅಷ್ಟಮಿಗೊಮ್ಮೆ ಅವನ ಮನೆಗೆ ಹೋಗಿ ಕಸ್ತೂರಿಯ ಜೊತೆ ಕೂತು ಬರುತ್ತಿದ್ದರಂತೆ. ಏನು ಮಾತಾಡುತ್ತಿದ್ದರೋ, ಐ ನೆವರ್ ಆಸ್ಕ್ಡ್.

ಹೊಸ ಪ್ಯಾಡ್ ಹಾಕಿಸಿದವರಿಗೆಲ್ಲ ಅದನ್ನು ಹದಕ್ಕೆ ತರದೆ ಹೊರಡಬೇಡಿ ಎಂದು ಇಂದಿಗೂ ಹೇಳುತ್ತೇನೆ. ಅದು ಇಂಜಿನಿಯರ್ ಕಲಿತ ಪಾಠ. ಸರ್ವೇಯರ್ ಕಲಿತದ್ದು ಬೇರೆ. ತಪ್ಪು ಮಾಡಿಲ್ಲ ಎನ್ನುವವನನ್ನು ನಾವು ಹತ್ತು ಸಲ ಕೇಳುತ್ತೇವೆ. ಮಾಡಿದೆ ಎಂದವನನ್ನು ಎರಡನೆಯ ಸಲ ಯಾರೂ ಕೇಳುವುದಿಲ್ಲ. ತಪ್ಪೊಪ್ಪಿಗೆಯನ್ನೂ ಬ್ರೇಕಿನ ಹಾಗೆ ಒತ್ತಿ ನೋಡಬೇಕು. ಅಪಘಾತದ ಕಾರಣ ಬರೆಯುವ ಜಾಗದಲ್ಲಿ ನಾನು ಪ್ಯಾಡ್, ಡಿಸ್ಕ್ ಎಲ್ಲಕ್ಕೂ ಮೊದಲು ಎರಡು ವಾಕ್ಯ ಬರೆದಿದ್ದೆ: ಚಾಲಕ ಎಚ್ಚರವಾಗಿದ್ದ. ಪೂರ್ತಿ ಬಲದಿಂದ ಬ್ರೇಕ್ ಒತ್ತಿದ್ದ. ಕಂಪನಿಯ ಅಧಿಕಾರಿ ಫೋನ್ ಮಾಡಿ, ಮ್ಯಾಡಮ್, ತಾಂತ್ರಿಕ ವರದಿಗೆ ಇವು ಬೇಕೇ ಎಂದು ಕೇಳಿದರು. ಬೇಕು ಎಂದೆ.